ಎಂಟು ಬೋಲ್ಟು, ಹತ್ತು ಮೈಲು

ಒಬ್ಬಳು ತಾಯಿ, ಅವಳಿಗೊಬ್ಬ ಮಗ. ತಾಯಿಗೆ ಬುದ್ಧಿ ಇತ್ತು, ಮಗನಿಗೆ ಕಿವಿ ಇತ್ತು. ಮನೆಯ ಆಸ್ತಿ ಅಷ್ಟೇ. ಜೊತೆಗೊಂದು ಗ್ಯಾರೇಜು.

ಗ್ಯಾರೇಜು ಇದ್ದದ್ದು ಅಂಕೋಲೆಯಿಂದ ಕಾರವಾರಕ್ಕೆ ಹೋಗುವ ದಾರಿಯಲ್ಲಿ, ಕಡಲ ಬದಿಗೆ. ಗಂಡ ಸತ್ತ ಮೇಲೆ ತುಳಸಕ್ಕ ತಾನೇ ಪಾನಾ ಹಿಡಿದು ನಟ್ಟು ಬಿಚ್ಚಿದಳು. ಲಾರಿಯವರು ಮೊದಲು ನಕ್ಕರು, ಆಮೇಲೆ ಸಾಲು ನಿಂತರು. ಮಗ ಬೊಮ್ಮುವಿಗೆ ಮೂವತ್ತೆರಡು ವರ್ಷ. ಎತ್ತಿನಂಥ ಮೈ. ಹೇಳಿದ್ದನ್ನು ಮಾಡುತ್ತಿದ್ದ. ಹೇಳಿದ್ದನ್ನೇ ಮಾಡುತ್ತಿದ್ದ. ಹೇಳದೆ ಇದ್ದರೆ ಏನೂ ಮಾಡುತ್ತಿರಲಿಲ್ಲ. ಉಣ್ಣು ಅಂದರೆ ಉಂಡ. ಅನ್ನದಿದ್ದರೆ ಬಡಿಸಿದ ಬಟ್ಟಲಿನ ಮುಂದೆ ಸುಮ್ಮನೆ ಕೂತ.

"ನಾನು ಸತ್ತರೆ ಇವನಿಗೆ ಉಣ್ಣು ಅನ್ನುವವರು ಯಾರು?" ತುಳಸಕ್ಕನಿಗೆ ಇದೊಂದೇ ಚಿಂತೆ. ಆ ಚಿಂತೆಗೇ ಹೆಣ್ಣು ಹುಡುಕಿದಳು. ಏಳು ಮನೆಯವರು ಬಂದರು, ಚಾ ಕುಡಿದರು, ಹುಡುಗನ ಹತ್ತಿರ ಎರಡು ಮಾತಾಡಿದರು, ಚಪ್ಪಲಿ ಮೆಟ್ಟಿ ಹೋದರು.

ಎಂಟನೆಯವನು ಪರ್ಸು. ಅವನು ಬರುವಾಗ ಒಂದು ಗಾಡಿಯನ್ನೂ ಎಳೆಸಿಕೊಂಡು ಬಂದ. ಕೆಂಪು ಬಣ್ಣದ್ದು, ಎರಡೇ ಸೀಟಿನದು, ನೆಲಕ್ಕೆ ಹೊಟ್ಟೆ ತಾಗುವಂಥ ಹಳೇ ಸ್ಪೋರ್ಟ್ಸ್ ಕಾರು. ಪರ್ಸು ಡ್ರೈವರ್ ಆಗಿದ್ದ ಮನೆಯ ಸಾಹೇಬರು ಸಾಯುವಾಗ ಅವನಿಗೇ ಬಿಟ್ಟುಹೋದದ್ದು. ಇಪ್ಪತ್ತು ವರ್ಷ ಕಡಲ ಗಾಳಿಯಲ್ಲಿ ನಿಂತಿತ್ತು. ಮೇಲೆ ಹೊಳಪು, ಒಳಗೆ ಎಂಜಿನು ಸರಿ, ಕೆಳಗೆ ತುಕ್ಕು.

"ನೋಡು ತುಳಸಕ್ಕ," ಅಂದ ಪರ್ಸು. "ಚಕ್ರ ಹಿಡಿದಿಡುವ ತೋಳುಗಳಿಗೆ ಎಂಟು ಬೋಲ್ಟು. ಎಂಟೂ ತುಕ್ಕು ಹಿಡಿದು ಒಂದಾಗಿಬಿಟ್ಟಿವೆ. ಕಾರವಾರದಲ್ಲಿ ಮೂವರು ಮೇಸ್ತ್ರಿಗಳಿಗೆ ತೋರಿಸಿದೆ. ಒಬ್ಬ ಮುರಿಯುತ್ತದೆ ಅಂದ. ಒಬ್ಬ ಕತ್ತರಿಸಬೇಕು ಅಂದ. ಒಬ್ಬ ಗುಜರಿಗೆ ಹಾಕು ಅಂದ."

"ಮುರಿದರೆ ತುಂಡು ಒಳಗೇ ಉಳೀತದೆ," ಅಂದಳು ತುಳಸಕ್ಕ. "ತೋಳೂ ಹಾಳು. ಈ ಗಾಡಿಗೆ ಬೇರೆ ತೋಳು ಸಿಗುವುದಿಲ್ಲ."

"ಅದಕ್ಕೇ ನಿನ್ನ ಹತ್ತಿರ ತಂದೆ. ಎಂಟೂ ಮುರಿಯದೆ ಹೊರಗೆ ಬರಬೇಕು, ಗಾಡಿ ರಸ್ತೆಗೆ ಇಳಿಯಬೇಕು. ಹನ್ನೆರಡು ದಿನ. ಆಮೇಲೆ ನನ್ನ ಮಗಳು ಮಾದೇವಿಯ ಮಾತು."

"ನನ್ನ ಮಗ ಮಾಡ್ತಾನೆ."

"ಅವನೇ ಮಾಡಬೇಕು ಅಂತ ನಾನು ಹೇಳಲಿಲ್ಲ," ಅಂದ ಪರ್ಸು. "ನಾನು ಅಷ್ಟು ಪೆದ್ದನಲ್ಲ."

ತುಳಸಕ್ಕ ಗಾಡಿಯನ್ನು ಮರದ ದಿಮ್ಮಿಗಳ ಮೇಲೆ ಎತ್ತಿ ನಿಲ್ಲಿಸಿದಳು. ಡೀಸೆಲಿಗೆ ಎಣ್ಣೆ ಬೆರೆಸಿ ಡಬ್ಬಿ ಮಗನ ಕೈಗೆ ಕೊಟ್ಟಳು. ಅವಳಿಗೆ ಗೋಕರ್ಣದಲ್ಲಿ ತಂಗಿಯ ಮನೆಯಲ್ಲಿ ಎರಡು ದಿನದ ಕೆಲಸ ಇತ್ತು.

"ಬೊಮ್ಮು, ಎಂಟೂ ಬೋಲ್ಟಿಗೆ ಎಣ್ಣೆ ಬಿಡು. ಗಂಟೆಗೊಂದು ಸಲ ಬಿಡು. ಬೇರೆ ಯಾವುದಕ್ಕೂ ಕೈ ಹಚ್ಚಬೇಡ."

"ಆಯ್ತು ಅವ್ವ."

ಎರಡು ದಿನ ಬಿಟ್ಟು ಬಂದಳು. ಬೊಮ್ಮು ಗಾಡಿಯ ಪಕ್ಕದಲ್ಲಿ ಡಬ್ಬಿ ಹಿಡಿದು ಕೂತಿದ್ದ. ಕಣ್ಣು ಒಳಗೆ ಹೋಗಿತ್ತು. ಒಲೆಯ ಮೇಲೆ ಅವಳೇ ಬೇಯಿಸಿಟ್ಟು ಹೋದ ಅನ್ನ ಹಳಸಿತ್ತು.

"ಉಣ್ಣಲಿಲ್ಲವಾ?"

"ಬೇರೆ ಯಾವುದಕ್ಕೂ ಕೈ ಹಚ್ಚಬೇಡ ಅಂದೆ."

"ಗಾಡಿಯಲ್ಲಿ ಹಚ್ಚಬೇಡ ಅಂದೆ, ಹೆಡ್ಡ. ಅನ್ನಕ್ಕಲ್ಲ."

ಬಿಸಿ ಗಂಜಿ ಕುಡಿಸಿದಳು. ಕುಡಿಸುತ್ತಾ ಬೈದಳು. "ಕಲ್ಲಿನ ಹಾಗೆ ಕೂತರೆ ತುಕ್ಕು ಬಿಡುವುದಿಲ್ಲ. ಜಡ ಹಿಡಿದದ್ದನ್ನು ಸುತ್ತಿಗೆಯಿಂದ ತಟ್ಟುತ್ತಾ ಇರಬೇಕು. ನಾಲ್ಕೂ ಬದಿಗೆ ತಟ್ಟಬೇಕು. ತಿಳೀತಾ?"

"ತಿಳೀತು ಅವ್ವ. ಜಡ ಹಿಡಿದದ್ದನ್ನು ತಟ್ಟಬೇಕು."

ಮರುದಿನ ಬೆಳಿಗ್ಗೆ ಪರ್ಸು ಗಾಡಿ ನೋಡಲು ಬಂದ. ತುಳಸಕ್ಕ ಒಳಗೆ ಚಾ ಮಾಡುತ್ತಿದ್ದಳು. ಪರ್ಸು ಹಳೇ ಟೈರಿನ ಮೇಲೆ ಕೂತು ಕಾಲು ನೀವಿಕೊಂಡ.

"ಈ ಮೊಣಕಾಲು ನೋಡು ತಮಾ. ಜಡ ಹಿಡಿದುಬಿಟ್ಟಿದೆ. ಮಡಚಲಿಕ್ಕೇ ಬರುವುದಿಲ್ಲ."

ಬೊಮ್ಮು ಎದ್ದ. ಸುತ್ತಿಗೆ ತಂದ. ಎದುರಿಗೆ ಒಂದು ಏಟು, ಎಡಕ್ಕೆ ಒಂದು, ಬಲಕ್ಕೆ ಒಂದು. ಹಿಂದಿನ ಬದಿಗೆ ಅಂತ ಕಾಲು ಎತ್ತುವಷ್ಟರಲ್ಲಿ ತುಳಸಕ್ಕ ಚಾ ಚೆಲ್ಲಿ ಓಡಿಬಂದಳು. ಮಡಚದ ಕಾಲಿನಲ್ಲೇ ಪರ್ಸು ರಸ್ತೆ ದಾಟಿ ಆಚೆ ನಿಂತಿದ್ದ.

"ಇನ್ನೊಂದು ಬದಿ ಉಳಿದಿದೆ ಮಾವ," ಅಂದ ಬೊಮ್ಮು.

"ಮಾವ ಅನ್ನಬೇಡ," ಅಂದ ಪರ್ಸು ಆಚೆಯಿಂದ. "ಇನ್ನೂ ಆಗಲಿಲ್ಲ."

ತುಳಸಕ್ಕ ಸುತ್ತಿಗೆ ಕಿತ್ತುಕೊಂಡಳು. "ಜಡ ಹಿಡಿದ ಕಾಲಿಗೆ ಸುತ್ತಿಗೆಯಾ? ಬಿಸಿ ಕೊಡಬೇಕು, ಕೋಣ. ಬಿಸಿ ತಾಗಿದರೆ ಎಂಥದೂ ಬಿಡುತ್ತದೆ."

"ಆಯ್ತು ಅವ್ವ. ಇನ್ನು ಬಿಸಿ ಕೊಡ್ತೇನೆ."

ಮಧ್ಯಾಹ್ನ ತುಳಸಕ್ಕ ಪೇಟೆಗೆ ಹೋಗಿ ಬರುವಷ್ಟರಲ್ಲಿ ಗ್ಯಾರೇಜಿನಿಂದ ಕರೀ ಹೊಗೆ. ಆಚೆ ಮನೆಯವರು ಕೊಡಪಾನ ಹಿಡಿದು ನಿಂತಿದ್ದರು. ಬೊಮ್ಮು ವೆಲ್ಡಿಂಗಿನ ಗ್ಯಾಸು ಹೊತ್ತಿಸಿ ಮೊದಲ ಬೋಲ್ಟಿಗೆ ಹಿಡಿದಿದ್ದ. ಬೋಲ್ಟು ಕೆಂಪಾಗಿತ್ತು. ಅದರ ಸುತ್ತ ತೋಳಿನೊಳಗೆ ಕೂತಿದ್ದ ರಬ್ಬರ್ ಬುಷ್ ಹೊತ್ತಿ ತೊಟ್ಟಿಕ್ಕುತ್ತಿತ್ತು.

"ಬಿಡ್ತಾ ಇದೆ ಅವ್ವ," ಅಂದ.

ಬೆಂಕಿ ಆರಿಸಿ ತುಳಸಕ್ಕ ತಲೆಗೆ ಕೈ ಹಚ್ಚಿ ಕೂತಳು. ಸುಟ್ಟದ್ದು ಒಂದೇ ಬುಷ್. ಅದನ್ನು ಹೇಗೂ ಹೊಸದು ಹಾಕಬೇಕಿತ್ತು. ಆದರೂ ಬೈಯದೆ ಬಿಡಲಿಲ್ಲ.

"ಒಳಗೆ ಏನಿದೆ ಅಂತ ನೋಡಬೇಡವಾ? ಒಳಗಿನ ಮೆತ್ತನೆಯದನ್ನು ಹೊರಗೆ ತೆಗೆಯದೆ ಯಾವುದನ್ನೂ ಬೆಂಕಿಗೆ ಹಿಡಿಯಬಾರದು. ಇದು ನಿನ್ನ ತಲೆಯಲ್ಲಿ ನಿಲ್ಲಲಿ."

ನಿಂತಿತು. ಅವನ ತಲೆಯಲ್ಲಿ ನಿಲ್ಲದ್ದು ಯಾವುದೂ ಇರಲಿಲ್ಲ. ಜಾಗ ಬೇಕಾದಷ್ಟಿತ್ತು.

ಆರನೇ ದಿನ ಮಾದೇವಿಯೇ ಬಂದಳು. ಅಪ್ಪನ ಮೊಣಕಾಲು ಊದಿತ್ತು, ಹಾಗಾಗಿ ಗಾಡಿ ನೋಡಲು ಮಗಳನ್ನು ಕಳಿಸಿದ್ದ. ಬರಿಗೈಯಲ್ಲಿ ಬರಬಾರದು ಅಂತ ಹುಡುಗಿ ಕಾಯಿಬೆಲ್ಲದ ಹೂರಣ ತುಂಬಿದ ಕಡುಬು ತಂದಿದ್ದಳು. ಬಸ್ಸಿನಲ್ಲಿ ಬಂದದ್ದು, ಆರಿಹೋಗಿತ್ತು.

"ಬೊಮ್ಮು, ಕಡುಬು ಒಲೆಯ ಮೇಲಿಟ್ಟು ಬಿಸಿ ಮಾಡಿ ತಾ," ಅಂದಳು ತುಳಸಕ್ಕ.

ಬಿಸಿ ಮಾಡಿ ತಂದ. ಹನ್ನೆರಡು ಕಡುಬು, ಹನ್ನೆರಡೂ ಹೊಟ್ಟೆ ಸೀಳಿ ಚಪ್ಪಟೆ.

"ಹೂರಣ ಎಲ್ಲಿ?" ಕೇಳಿದಳು ಮಾದೇವಿ.

"ಮೆತ್ತಗಿತ್ತು. ಹೊರಗೆ ತೆಗೆದೆ."

"ಹೊರಗೆ ಅಂದರೆ?"

"ಅಂಗಳದಲ್ಲಿ. ಈಗ ಇಲ್ಲ. ಕಾಗೆ ತಿಂದವು."

ತುಳಸಕ್ಕನಿಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. "ಒಳಗೆ ಇಟ್ಟದ್ದು ಒಳಗೇ ಇರಬೇಕು, ಶನಿ. ತೆಗೆದು ಹೊರಗೆ ಹಾಕಲಿಕ್ಕೆ ನೀನ್ಯಾರು?"

ಮಾದೇವಿ ಖಾಲಿ ಕಡುಬು ಒಂದು ಮುರಿದು ಬಾಯಿಗೆ ಹಾಕಿಕೊಂಡಳು. ಬೊಮ್ಮು ನಿಂತೇ ಇದ್ದ.

"ನೀನು ತಿನ್ನುವುದಿಲ್ಲವಾ?" ಅಂದಳು.

ಅವನು ತಾಯಿಯ ಮುಖ ನೋಡಿದ.

"ತಿನ್ನು," ಅಂದಳು ಮಾದೇವಿ.

ತಿಂದ. ಹನ್ನೊಂದನ್ನೂ ತಿಂದ.

ಒಂಬತ್ತನೇ ದಿನ ತುಳಸಕ್ಕ ಪಾನಾಕ್ಕೆ ಉದ್ದದ ಪೈಪು ಸಿಕ್ಕಿಸಿದಳು. ಅವಳ ಮಣಿಕಟ್ಟಿನಲ್ಲಿ ಮೊದಲಿನ ಬಲ ಇರಲಿಲ್ಲ. ಗಾಡಿ ನೋಡಲು ಮತ್ತೆ ಬಂದಿದ್ದ ಮಾದೇವಿ ಸೆರಗು ಸಿಕ್ಕಿಸಿ ಪೈಪಿನ ಇನ್ನೊಂದು ತುದಿ ಹಿಡಿದಳು. ಮಗನನ್ನು ಕರೆಯಲು ಇಬ್ಬರಿಗೂ ಧೈರ್ಯ ಬರಲಿಲ್ಲ.

"ಮೊದಲು ಒಂದು ಕೂದಲಿನಷ್ಟು ಬಿಗಿಯ ಕಡೆಗೆ. ಆಮೇಲೆ ಸಡಿಲದ ಕಡೆಗೆ," ಅಂದಳು ತುಳಸಕ್ಕ. "ಅವಸರ ಮಾಡಿದರೆ ಕುತ್ತಿಗೆ ಮುರೀತದೆ."

ಬೋಲ್ಟು ಒಮ್ಮೆ ಕಿರುಗುಟ್ಟಿತು. ಆಮೇಲೆ ಬೆಣ್ಣೆಯಲ್ಲಿ ಬೆರಳು ತಿರುಗಿದ ಹಾಗೆ ತಿರುಗಿತು. ಎರಡನೆಯದೂ ಹಾಗೇ. ಎಂಟೂ ಬಂದವು, ಒಂದೂ ಮುರಿಯಲಿಲ್ಲ.

"ಇಷ್ಟು ಸಲೀಸು ಹೇಗೆ?" ಮಾದೇವಿ ಬೋಲ್ಟು ತಿರುಗಿಸಿ ನೋಡಿದಳು. ತುದಿಯವರೆಗೂ ಎಣ್ಣೆ ಇಳಿದಿತ್ತು. "ಎಣ್ಣೆ ಎಷ್ಟು ದಿನ ಬಿಟ್ಟೆ?"

"ಇವತ್ತೂ ಬಿಟ್ಟೆ," ಅಂದ ಬೊಮ್ಮು. "ಗಂಟೆಗೊಂದು ಸಲ. ನಿಲ್ಲಿಸು ಅಂತ ಅವ್ವ ಹೇಳಲಿಲ್ಲ."

ಕಾರವಾರದ ಮೇಸ್ತ್ರಿಗಳಿಗೆ ಬುದ್ಧಿ ಇತ್ತು. ಬುದ್ಧಿ ಇದ್ದವನು ಎರಡು ಸಲ ಎಣ್ಣೆ ಬಿಡುತ್ತಾನೆ, ಮೂರನೇ ಸಲ ಸುತ್ತಿಗೆ ಎತ್ತುತ್ತಾನೆ.

ಹೆಂಗಸರಿಬ್ಬರೂ ಕೈ ತೊಳೆದು ಚಾ ಕುಡಿಯಲು ಒಳಗೆ ಹೋದರು. ಸಂತೋಷಕ್ಕೆ ಒಂದೊಂದು ಲೋಟ ಹೆಚ್ಚೇ ಕುಡಿದರು. ಹೊರಗೆ ಬಂದು ನೋಡಿದರೆ ನೆಲದ ಮೇಲೆ ಒಂದು ಬೋಲ್ಟೂ ಇಲ್ಲ. ಬೊಮ್ಮು ಬೆವರು ಒರೆಸಿಕೊಳ್ಳುತ್ತಿದ್ದ.

"ಬೋಲ್ಟು ಎಲ್ಲಿ?"

"ಒಳಗೆ ಇಟ್ಟದ್ದು ಒಳಗೇ ಇರಬೇಕು ಅಂದೆಯಲ್ಲ. ಎಂಟನ್ನೂ ವಾಪಸು ಹಾಕಿದೆ. ಬಿಗಿ ಮಾಡಿದೆ."

ಎತ್ತಿನಂಥ ಮೈಯವನು ಮಾಡಿದ ಬಿಗಿ ಅದು. ತುಳಸಕ್ಕ ನೆಲಕ್ಕೆ ಕುಸಿದು ಕೂತಳು. ಬೈಯಲೂ ಉಸಿರಿರಲಿಲ್ಲ. ಮಾದೇವಿ ಪೈಪು ಅವನ ಕೈಗೆ ಕೊಟ್ಟಳು.

"ಎಂಟನ್ನೂ ಬಿಚ್ಚು. ಬಿಚ್ಚಿ ನನ್ನ ಕೈಗೆ ಕೊಡು. ಬೇರೆಲ್ಲೂ ಇಡಬೇಡ."

ಬಿಚ್ಚಿದ. ಒಂದೊಂದನ್ನೇ ಅವಳ ಕೈಗೆ ಕೊಟ್ಟ. ಅವಳು ಎಂಟನ್ನೂ ಕಡಲಿಗೆ ಎಸೆದು ಬಂದಳು.

ಹೊಸ ಬುಷ್ ಬಂತು, ಹೊಸ ಬೋಲ್ಟು ಬಂತು. ತುಳಸಕ್ಕನ ಮಣಿಕಟ್ಟು ಊದಿ ಬೆರಳು ಮಡಚುತ್ತಿರಲಿಲ್ಲ. ಮಗನನ್ನು ಎದುರಿಗೆ ಕೂರಿಸಿಕೊಂಡಳು.

"ಕೇಳು. ಇದು ಕೊನೇ ಮಾತು. ಮೊದಲು ಗ್ರೀಸ್ ಹಚ್ಚು. ಹಚ್ಚಿ ಸಡಿಲವಾಗಿ ಕೂರಿಸು. ಮೇಲೆ ಎತ್ತಿಟ್ಟಾಗ ಬಿಗಿದರೆ ರಬ್ಬರ್ ತಿರುಚಿ ಹರೀತದೆ. ಕೆಳಗೆ ಇಳಿದು, ತನ್ನ ಭಾರ ತಾನು ಹೊತ್ತು, ನೆಲದ ಮೇಲೆ ನಿಂತ ಮೇಲೆಯೇ ಬಿಗಿ ಮಾಡು. ಆಮೇಲೆ ಹತ್ತು ಮೈಲು ಓಡಿಸಿ ತಂದು ಇನ್ನೊಮ್ಮೆ ಬಿಗಿ ನೋಡು. ಎಂಥದನ್ನು ಜೋಡಿಸುವುದಾದರೂ ಹೀಗೇ. ಸಾಯುವ ತನಕ ಮರೆಯಬೇಡ."

"ಆಯ್ತು ಅವ್ವ."

ಹಾಗೇ ಮಾಡಿದ. ಗ್ರೀಸ್ ಹಚ್ಚಿದ, ಸಡಿಲ ಕೂರಿಸಿದ, ದಿಮ್ಮಿ ತೆಗೆದು ಇಳಿಸಿದ, ಬಿಗಿ ಮಾಡಿದ. ಮಾದೇವಿ ಗಾಡಿ ಓಡಿಸಿದಳು. ಡ್ರೈವರನ ಮಗಳು. ಹತ್ತು ಮೈಲು ಹೋಗಿ ಬಂದಳು. ಬೊಮ್ಮು ಮತ್ತೆ ಬಿಗಿ ನೋಡಿದ. ಒಂದೂ ತಪ್ಪಿರಲಿಲ್ಲ. ಹೇಳಿದ ಮಾತಿಗೂ ಎದುರಿನ ಕೆಲಸಕ್ಕೂ ತಾಳೆಯಾದದ್ದು ಅವನ ಜನ್ಮದಲ್ಲಿ ಅದೇ ಮೊದಲು.

ಹನ್ನೆರಡನೇ ದಿನ ಪರ್ಸು ಕುಂಟುತ್ತಾ ಬಂದು ಗಾಡಿಯ ಸುತ್ತ ಎರಡು ಸುತ್ತು ಹಾಕಿದ. ಮಗಳನ್ನು ಬದಿಗೆ ಕರೆದ.

"ಗಾಡಿಯ ಮಾತು ಬಿಡು. ಹುಡುಗ ಪೆದ್ದ."

"ಹೌದು," ಅಂದಳು ಮಾದೇವಿ.

"ನಿನಗೆ ಬೇರೆ ನೋಡಬಹುದು."

"ಅಕ್ಕಂದಿರಿಬ್ಬರಿಗೂ ಬುದ್ಧಿವಂತರನ್ನೇ ತಂದೆಯಲ್ಲ ಅಪ್ಪ. ಒಬ್ಬನಾದರೂ ಹೆಂಡತಿ ಹೇಳಿದ್ದು ಕೇಳ್ತಾನಾ?"

ಪರ್ಸು ಯೋಚಿಸಿದ. ತಾನೂ ಬುದ್ಧಿವಂತನೇ ಎಂದು ನೆನಪಾಯಿತೋ ಏನೋ, ಮದುವೆಯ ದಿನ ಗೊತ್ತುಮಾಡಲು ತುಳಸಕ್ಕನ ಕಡೆಗೆ ಕುಂಟಿದ.

ಮದುವೆಯ ದಿನ ಗ್ಯಾರೇಜಿನ ಅಂಗಳದಲ್ಲೇ ಚಪ್ಪರ. ಪಕ್ಕದಲ್ಲಿ ಕೆಂಪು ಗಾಡಿ, ಅದಕ್ಕೂ ಹೂವಿನ ಮಾಲೆ. ತುಳಸಕ್ಕ ಮಗನಿಗೆ ಬೆಳಿಗ್ಗೆಯೇ ಹೇಳಿದ್ದಳು: "ಭಟ್ಟರು ಹೇಳಿದ್ದನ್ನು ಮಾಡು. ಬೇರೆ ಏನೂ ಮಾಡಬೇಡ." ಆದರೆ ಸಾಯುವ ತನಕ ಮರೆಯಬೇಡ ಅಂದ ಮಾತು ಅದಕ್ಕಿಂತ ಮೊದಲಿನದು.

ಮುಹೂರ್ತ ಬಂತು. ಮಾದೇವಿ ಮಣೆಯ ಮೇಲೆ ಕೂತಿದ್ದಳು. ಭಟ್ಟರು ತಾಳಿ ಕೊಟ್ಟರು. ಬೊಮ್ಮು ಮಡಿಪಂಚೆಯ ಗಂಟಿನಿಂದ ಸಣ್ಣ ಡಬ್ಬಿ ತೆಗೆದು ದಾರಕ್ಕೆ ತುದಿಯಿಂದ ತುದಿಗೆ ಗ್ರೀಸ್ ಸವರಿದ. ಕೊರಳಿಗೆ ಹಾಕಿ ಸಡಿಲವಾಗಿ ಒಂದು ಸುತ್ತು ಕೊಟ್ಟು ಕೈ ಬಿಟ್ಟ.

"ಮೂರು ಗಂಟು ಬಿಗಿಯಾಗಿ ಹಾಕಪ್ಪ," ಅಂದರು ಭಟ್ಟರು.

"ಈಗಲ್ಲ ಭಟ್ರೇ. ಇವಳು ಮಣೆಯ ಮೇಲಿದ್ದಾಳೆ. ಕೆಳಗೆ ಇಳಿದು ತನ್ನ ಭಾರ ತಾನು ಹೊತ್ತು ನಿಲ್ಲಲಿ."

"ಮುಹೂರ್ತ ಮೀರ್ತದೆ."

"ಮೇಲಿರುವಾಗ ಬಿಗಿದರೆ ಹರೀತದೆ."

ತುಳಸಕ್ಕ ಕಣ್ಣು ಮುಚ್ಚಿಕೊಂಡಳು. ಜನ ಒಬ್ಬರ ಮುಖ ಒಬ್ಬರು ನೋಡಿದರು. ಮಾದೇವಿ ಎದ್ದಳು, ಮಣೆಯಿಂದ ಇಳಿದಳು, ನೆಲದ ಮೇಲೆ ನಿಂತಳು. ಬೊಮ್ಮು ಬಗ್ಗಿ ಅವಳ ಎರಡೂ ಪಾದ ಸಮ ಊರಿವೆಯಾ ಅಂತ ನೋಡಿದ. ಆಮೇಲೆ ಮೂರು ಗಂಟು ಹಾಕಿದ. ಗ್ರೀಸಿನಲ್ಲಿ ಜಾರುತ್ತಿತ್ತು, ಹಲ್ಲು ಕಚ್ಚಿ ಬಿಗಿದ.

ಭಟ್ಟರು ಹಣೆ ಒರೆಸಿಕೊಂಡರು. "ಇನ್ನು ಏಳು ಹೆಜ್ಜೆ ನಡೆಯಿರಿ."

"ಏಳು ಹೆಜ್ಜೆ ಸಾಲದು ಭಟ್ರೇ," ಅಂದ ಬೊಮ್ಮು. "ಹತ್ತು ಮೈಲು."

ಯಾರ ಮಾತೂ ನಡೆಯಲಿಲ್ಲ. ಮಾದೇವಿ ಸೆರಗು ಸಿಕ್ಕಿಸಿ ಗಾಡಿಗೆ ಹತ್ತಿದಳು. ಬೊಮ್ಮು ಪಕ್ಕದ ಸೀಟಿನಲ್ಲಿ ಕೂತು ಅವಳ ಕೊರಳ ಗಂಟಿನಿಂದ ಕಣ್ಣು ತೆಗೆಯಲಿಲ್ಲ. ಗಾಡಿ ಕಾರವಾರದ ಕಡೆಗೆ ಹೋಯಿತು. ಬರುವಾಗ ರಸ್ತೆಯಲ್ಲಿ ಮೀನಿನ ಲಾರಿ ಅಡ್ಡ ನಿಂತಿತ್ತು. ತಡವಾಯಿತು.

ವಾಪಸು ಬಂದಾಗ ಚಪ್ಪರ ಖಾಲಿ. ಜನ ಉಂಡು ಹೋಗಿದ್ದರು. ಭಟ್ಟರೂ ಹೋಗಿದ್ದರು. ಆ ಏಳು ಹೆಜ್ಜೆ ಇವತ್ತಿಗೂ ಹಾಕಿಲ್ಲ. ಬೊಮ್ಮು ಗಂಟು ಮುಟ್ಟಿ ನೋಡಿ, "ಸಡಿಲ ಆಗಲಿಲ್ಲ ಅವ್ವ," ಅಂದ.

ತುಳಸಕ್ಕ ಎರಡು ಎಲೆ ಹಾಕಿ ಕಾದಿದ್ದಳು. ಬಡಿಸಿದಳು. ಬಡಿಸಿ, ಬಾಯಿ ಬಿಗಿಹಿಡಿದು, ಕಂಬಕ್ಕೆ ಒರಗಿ ಕೂತಳು. ಬೊಮ್ಮು ಎಲೆಯ ಮುಂದೆ ಸುಮ್ಮನೆ ಕೂತ. ಅನ್ನ ಆರುತ್ತಿತ್ತು.

ಮಾದೇವಿ ಅವನ ಕಡೆ ತಿರುಗಿದಳು.

"ಉಣ್ಣು."

ಉಂಡ. ತುಳಸಕ್ಕ ಸೆರಗಿನಲ್ಲಿ ಕಣ್ಣೊರೆಸಿಕೊಂಡು ಒಳಗೆ ಹೋಗಿ ಮಲಗಿದಳು. ಎಷ್ಟೋ ದಿನದಲ್ಲಿ ಮೊದಲ ನಿದ್ದೆ. ಮಾದೇವಿಯೂ ಉಂಡು, ದಣಿದು, ಕೂತಲ್ಲೇ ಕಂಬಕ್ಕೊರಗಿ ಕಣ್ಣು ಮುಚ್ಚಿದಳು.

ಎಚ್ಚರವಾದಾಗ ಅನ್ನದ ಹಂಡೆ ಖಾಲಿ. ಸಾರಿನದೂ ಖಾಲಿ. ಪಾಯಸದ್ದನ್ನು ಬೊಮ್ಮು ಓರೆ ಮಾಡಿ ಹಿಡಿದಿದ್ದ. ಹೊಟ್ಟೆ ನಗಾರಿಯಾಗಿತ್ತು, ಕಣ್ಣಲ್ಲಿ ನೀರು.

"ಇದೆಂತ ಮಾಡಿದೆ ಮಾರಾಯ?"

"ಉಣ್ಣು ಅಂದೆ," ಅಂದ ಬೊಮ್ಮು, ಸೌಟು ಬಾಯಿಗಿಟ್ಟು. "ಸಾಕು ಅನ್ನಲಿಲ್ಲ."