ರೆಕ್ಕೆಗೆ ಕಟ್ಟಿದ ತೂಕ

ಶಿವಪುತ್ರ ಹೆಲಿಕಾಪ್ಟರ್ ಮೆಕ್ಯಾನಿಕ್ ಆಗಿದ್ದವನು. ಕೆಲಸ ಬಿಟ್ಟು ಮಲಪ್ರಭೆಯ ದಂಡೆಯ ಮಠ ಸೇರಿ ಏಳು ತಿಂಗಳಾಗಿತ್ತು. ಕಸ ಗುಡಿಸಿದ, ನೀರು ಹೊತ್ತ, ಬಾಯಿ ಮಾತ್ರ ಬಿಡಲಿಲ್ಲ.

ಅವತ್ತು ಬೆಳಿಗ್ಗೆ ಹೊಳೆಯ ಮೆಟ್ಟಿಲ ಮೇಲೆ ಮಠದ ಅಜ್ಜನ ಕಾಲು ಹಿಡಿದ.

"ದೀಕ್ಷಾ ಕೊಡ್ರಿ ಅಜ್ಜಾರ. ನನ್ನ ಕೈಯಿಂದ ನಾಕು ಮಂದಿ ಸತ್ತಾರ್ರಿ."

"ಏನ್ ಮಾಡಿದಿ?"

ತಿರುಗುವಾಗ ಹೆಲಿಕಾಪ್ಟರಿನ ಒಂದು ರೆಕ್ಕೆ ನಡುಗುತ್ತಿತ್ತು ಎಂದ. ಬಿಚ್ಚಿ ನೋಡಿದರೆ ಎರಡು ದಿನ ಹಾರಾಟ ಬಂದ್. ಮೇಲಿನವರು ಸುಮ್ಮನೆ ಬಿಡುತ್ತಾರೆಯೇ? ಬಿಚ್ಚದೆಯೇ ಎದುರಿನ ರೆಕ್ಕೆಗೆ ಒಂದಿಷ್ಟು ತೂಕ ಕೂಡಿಸಿದ. ನಡುಕ ನಿಂತಿತು, ಎಲ್ಲರೂ ಶಹಬ್ಬಾಸ್ ಅಂದರು. ಮೂರನೇ ದಿನ ಆಕಾಶದಲ್ಲೇ, ಮೊದಲು ನಡುಗುತ್ತಿದ್ದ ರೆಕ್ಕೆ ಬುಡದ ಬಿರುಕು ಬಾಯ್ದೆರೆದು ಕಿತ್ತುಹೋಯಿತು.

ಒಳಗಿದ್ದ ನಾಲ್ವರ ಸಮೇತ ಎಲ್ಲ ಸುಟ್ಟು ಬೂದಿಯಾಗಿತ್ತು. ತನಿಖೆಯವರು ತಪ್ಪು ಪೈಲಟ್ ಮಾಚಯ್ಯನದೇ ಎಂದು ಬರೆದು ಮುಗಿಸಿದರು. ಪಾಪ, ಸತ್ತವನು ಏನು ಹೇಳಿಯಾನು? ಅವನ ಹೆಂಡತಿ ದೇಚಮ್ಮನ ಮುಖ ನೋಡುವುದನ್ನೇ ಜನ ಬಿಟ್ಟರು.

"ಬಿರುಕು ಇದ್ದದ್ದು ಗೊತ್ತಿತ್ತೇನು?"

"ಸಂಶಯ ಇತ್ರಿ."

ಅಜ್ಜ ಒಳಗೆ ಹೋಗಿ ತಾಮ್ರದ ಕೊಡ, ಹಳೆಯ ಹಗ್ಗ ತಂದ. ಕೊಡಕ್ಕೆ ಹಗ್ಗ ಬಿಗಿದು ಅವನ ಕೈಗಿಟ್ಟ. ತಾನು ನಾಲ್ಕು ಹೆಜ್ಜೆ ಆಚೆ ಕೂತ.

"ಕೊಡ ಗರಗರ ತಿರುಗಸು."

ಶಿವಪುತ್ರ ಕೊಡ ಎತ್ತಿ ಹಿಡಿದು ಹಗ್ಗ ನೋಡಿದ. ಮೂರು ಎಳೆಯಲ್ಲಿ ಎರಡು ಹರಿದಿದ್ದವು.

"ಬ್ಯಾಡ್ರಿ ಅಜ್ಜಾರ!"

"ಯಾಕ? ಕೊಡ ಚಂದಾಗಿ ಜೋತಾಡಾಕತ್ತೈತಲ್ಲ."

"ಸುಮ್ಮ ಹಿಡಿದ್ರ ತಡಿತೈತ್ರಿ. ತಿರುಗಿಸಿದ್ರ ಜಗ್ಗೋ ಜೋರ ಬ್ಯಾರೆ. ಐವತ್ತು ಕೇಜಿ ರೆಕ್ಕಿ ತಿರುಗೂವಾಗ ಬುಡಾನ ಇಪ್ಪತ್ತು ಟನ್ ಜಗ್ಗತೈತ್ರಿ. ಹಗ್ಗ ಹರೀತಂದ್ರ ನಿಮ್ಮ ತಲಿ ಒಡಿತೈತಿ. ಏಳ್ರಿ ಮೊದಲು!"

ಅಜ್ಜ ಏಳಲಿಲ್ಲ.

"ನನಗ ಹೇಳಿದಿ. ಮಾಚಯ್ಯಗ ಯಾಕ ಹೇಳಲಿಲ್ಲ?"

ಶಿವಪುತ್ರ ಹಗ್ಗ ಕೆಳಗಿಟ್ಟು ಅಲ್ಲೇ ಕುಸಿದ. ಬಿಕ್ಕಿ ಬಿಕ್ಕಿ ಅತ್ತ. ಅಜ್ಜ ಸಮಾಧಾನ ಮಾಡಲಿಲ್ಲ.

ಕಣ್ಣೊರೆಸಿಕೊಂಡು ಶಿವಪುತ್ರನೇ ಮಾತು ತೆಗೆದ.

"ಈಗ ಹೋಗಿ ಹೇಳಿದ್ರ ನನಗ ಜೇಲು ಆಗತೈತ್ರಿ."

"ಆಗತೈತಿ."

"ಸತ್ತವ್ರು ಎದ್ದು ಬರಾಂಗಿಲ್ಲ."

"ಬರಾಂಗಿಲ್ಲ."

"ನನ್ನ ಮನಸ್ಸಿಗೆ ಸಮಾಧಾನಾನರೆ ಸಿಗತೈತೇನ್ರಿ?"

"ನಿನಗ ಸಿಗೂದಿಲ್ಲೋ ತಮ್ಮಾ. ದೇಚಮ್ಮಗ ಸಿಗತೈತಿ."