ಸಾವಿರಗಣ್ಣಪ್ಪನ ಚಿಪ್ಪಿನ ಕಾನೂನು

ಕುರುಚಲು ಕಾಡಿನ ಅಂಚಿನಲ್ಲಿ ಹುಲ್ಲುಗುಂಡಿ ಎಂಬ ಕೆರೆಯಿತ್ತು. ಅದರ ದಂಡೆಯಲ್ಲಿ ಬಗೆಬಗೆಯ ಹಕ್ಕಿಗಳು ವಾಸವಾಗಿದ್ದವು. ಅವಕ್ಕೆಲ್ಲ ಯಜಮಾನ ಸಾವಿರಗಣ್ಣಪ್ಪ ಎಂಬ ನವಿಲು. ಅವನನ್ನು ಯಾರೂ ಆರಿಸಿರಲಿಲ್ಲ. ಅಷ್ಟುದ್ದ ಗರಿ ಇರುವವನ ಎದುರು ಮಾತಾಡಲು ಎಲ್ಲರಿಗೂ ಸಂಕೋಚ, ಅಷ್ಟೆ.

ಆ ವರ್ಷ ದಂಡೆಯ ಹುಲ್ಲುಕಾಳು ಕಡಿಮೆಯಾಯಿತು. ಸಾವಿರಗಣ್ಣಪ್ಪ ದಿನವೂ ಹುಲ್ಲಿನ ಮೇಲೇ ಕುಣಿಯುತ್ತಿದ್ದ. ಕಾಳು ಕಟ್ಟುವ ಮೊದಲೇ ತೆನೆಗಳು ಅವನ ಕಾಲಡಿ ಸಿಕ್ಕಿ ನೆಲ ಕಚ್ಚುತ್ತಿದ್ದವು. ಇದು ಎಲ್ಲರಿಗೂ ಗೊತ್ತಿತ್ತು. ಆದರೆ ಬೆಕ್ಕಿಗೆ ಗಂಟೆ ಕಟ್ಟುವವರು ಯಾರು?

ಕಾರಣವನ್ನು ಸಾವಿರಗಣ್ಣಪ್ಪನೇ ಕಂಡುಹಿಡಿದ. "ಗುಡ್ಡದಾಚೆಯಿಂದ ಕದ್ದು ಬಂದ ಹಕ್ಕಿಗಳು ನಮ್ಮ ಕಾಳು ತಿನ್ನುತ್ತಿವೆ. ಇನ್ನು ಮುಂದೆ ಎಲ್ಲರೂ ತಾವು ಒಡೆದು ಬಂದ ಮೊಟ್ಟೆಯ ಚಿಪ್ಪನ್ನು ಜೊತೆಗೇ ಇಟ್ಟುಕೊಂಡು ಓಡಾಡಬೇಕು. ಚಿಪ್ಪಿಲ್ಲದವರನ್ನು ಮುಳ್ಳುಬೇಲಿಯೊಳಗೆ ಕೂಡಿಹಾಕಿ, ಸಂಜೆ ಗುಡ್ಡದಾಚೆ ಅಟ್ಟಿಬಿಡಿ!"

ಕಾವಲಿಗೆ ಟಿಟ್ಟಿಭಗಳನ್ನು ನೇಮಿಸಿದ. ಟಿಟ್ಟಿಭ ಗೊತ್ತಲ್ಲ ಮಕ್ಕಳೇ? ಎಲೆ ಅಲುಗಿದರೂ ಊರಿಗೆಲ್ಲ ಕೇಳುವಂತೆ ಅರಚುವ ಹಕ್ಕಿ. ಮೊದಲು ಕೂಗುವುದು, ಆಮೇಲೆ ನೋಡುವುದು ಅದರ ಮನೆತನದ ಪದ್ಧತಿ.

ಟಿಟ್ಟಿಭಗಳ ಮುಖಂಡ ಜವರಯ್ಯ ಕೇಳಿದ, "ಬುದ್ಧೀ, ಇಷ್ಟು ಹಕ್ಕಿಗಳಲ್ಲಿ ಯಾರನ್ನು ಅಂತ ತಡೆಯೋದು?"

"ಮಣ್ಣುಬಣ್ಣ, ಮೋಟು ಬಾಲ. ನೋಡಿದರೇ ಗೊತ್ತಾಗುವುದಿಲ್ಲವೇ?"

"ಮತ್ತೆ... ತಮ್ಮ ಚಿಪ್ಪು?"

ಸಾವಿರಗಣ್ಣಪ್ಪ ಗರಿಗಳನ್ನೆಲ್ಲ ಬಿಚ್ಚಿ ನಿಂತ. "ಇದಕ್ಕಿಂತ ಬೇರೆ ಗುರುತು ಬೇಕೇ?"

"ಬೇಡ ಬುದ್ಧೀ, ಬೇಡ!"

ಅಂದಿನಿಂದ ತಪಾಸಣೆ ಜೋರಾಯಿತು. ಬೆಳ್ಳಕ್ಕಿಗಳು ನಿಜಕ್ಕೂ ಪ್ರತಿವರ್ಷ ಬೇರೆ ಸೀಮೆಯಿಂದ ಬಂದುಹೋಗುತ್ತಿದ್ದವು. ಅವಕ್ಕೆ ಜವರಯ್ಯ ತಲೆಬಾಗಿ ದಾರಿ ಬಿಟ್ಟ. ಬೆಳ್ಳಗಿದ್ದವರನ್ನು ಕೇಳುವುದು ಚೆನ್ನಾಗಿರುವುದಿಲ್ಲ ನೋಡಿ!

ಅದೇ ದಂಡೆಯ ಲಂಟಾನ ಪೊದೆಯಲ್ಲಿ ದ್ಯಾವಕ್ಕ ಎಂಬ ಮಣ್ಣುಬಣ್ಣದ, ಮೋಟು ಬಾಲದ ಗೌಜಲಕ್ಕಿ ಏಳು ಮೊಟ್ಟೆಗಳಿಗೆ ಕಾವು ಕೊಡುತ್ತಿದ್ದಳು. ಇನ್ನೆರಡು ದಿನದಲ್ಲಿ ಮರಿ ಹೊರಬರಬೇಕು. ಒಂದು ಬೆಳಗ್ಗೆ ಮೊಟ್ಟೆಗಳ ಮೇಲೆ ಒಣಹುಲ್ಲು ಹೊದಿಸಿ, ಒಂದು ಗುಟುಕು ನೀರು ಕುಡಿಯಲು ಕೆರೆಗೆ ಬಂದಳು.

"ಏಯ್, ನಿಲ್ಲು! ಚಿಪ್ಪು ತೋರಿಸು!" ಜವರಯ್ಯ ಅಡ್ಡ ನಿಂತ.

"ಚಿಪ್ಪು ಯಾರು ಇಟ್ಟುಕೊಳ್ತಾರೆ ಅಣ್ಣಾ? ನಾನು ಹೊರಬಂದ ದಿನವೇ ಇರುವೆ ಹೊತ್ತುಕೊಂಡು ಹೋಯ್ತು."

"ಹಾಗಾದರೆ ಇರುವೆಯನ್ನು ಕರೆದುಕೊಂಡು ಬಾ."

"ಅಯ್ಯೋ, ದಿನಾ ನಿನ್ನ ಕಣ್ಣೆದುರೇ ಓಡಾಡ್ತೀನಲ್ಲಣ್ಣ! ನಿನ್ನ ಚಿಪ್ಪು ಎಲ್ಲಿದೆ?"

"ಕೇಳುವವರನ್ನು ಕೇಳುವಂತಿಲ್ಲ!"

"ಮೊಟ್ಟೆ ಬಿಟ್ಟು ಬಂದಿದ್ದೀನಿ. ಆರಿಹೋಗ್ತವೆ. ಮರಿಯಾದ ಮೇಲೆ ನಾನೇ ಬಂದು ಬೇಲಿಯೊಳಗೆ ಕೂರ್ತೀನಿ. ಈಗ ಬಿಡಣ್ಣ!"

"ಅದೆಲ್ಲ ಯಜಮಾನರಿಗೆ ಹೇಳು" ಎಂದು ಜವರಯ್ಯ ಅವಳನ್ನು ಮುಳ್ಳುಬೇಲಿಯೊಳಗೆ ದಬ್ಬಿದ.

ಯಜಮಾನರಿಗೆ ಹೇಳೋಣವೆಂದರೆ, ಅವರು ಎಂಟು ದಿನದಿಂದ ಕಾಣಿಸಿಕೊಂಡಿರಲಿಲ್ಲ. ಅಪ್ಪಣೆಗಳು ಮಾತ್ರ ಅವರ ಪೊದೆಯ ಒಳಗಿನಿಂದ ಬರುತ್ತಿದ್ದವು. ಮಳೆಗಾಲ ಮುಗಿಯುತ್ತ ಬಂದಾಗ ನವಿಲಿನ ಉದ್ದ ಗರಿಗಳು ಉದುರುತ್ತವೆ. ಸಾವಿರಗಣ್ಣಪ್ಪನಿಗೂ ಅದೇ ಆಗಿತ್ತು. ನಾಚಿಕೆಯಿಂದ ಒಳಗೇ ಕೂತಿದ್ದ. ಆ ಮಧ್ಯಾಹ್ನ ಕೊನೆಯ ಗರಿಯೂ ಉದುರಿತು. ಮೈಯೆಲ್ಲ ತುರಿಕೆ. ತಡೆಯಲಾರದೆ ಹಿಂಬದಿಯಿಂದ ನುಸುಳಿ, ದಾರಿಯ ಧೂಳಿನಲ್ಲಿ ಹೊರಳಾಡಿ ಎದ್ದ. ನೀಲಿ ಕತ್ತಿನಿಂದ ಕಾಲಿನವರೆಗೆ ಒಂದೇ ಮಣ್ಣುಬಣ್ಣ, ಹಿಂದೆ ಮೋಟು ಬಾಲ.

"ಏಯ್, ನಿಲ್ಲು! ಚಿಪ್ಪು ತೋರಿಸು!"

"ಜವರಾ, ನಾನು ಕಣೋ! ಸಾವಿರಗಣ್ಣಪ್ಪ!"

"ನಿನ್ನೆ ಒಬ್ಬ ತಾನು ಹದ್ದಿನ ಅಳಿಯ ಅಂದಿದ್ದ. ನಡಿ ಒಳಗೆ!"

ಮಾಡಿದ್ದುಣ್ಣೋ ಮಹಾರಾಯ! ಬೇಲಿಯೊಳಗೆ ಬಿದ್ದ ಅವನನ್ನು ದ್ಯಾವಕ್ಕ ದನಿಯಿಂದಲೇ ಗುರುತಿಸಿದಳು. ಇವನು ಹೊರಬಿದ್ದರೆ ತನಗೂ ಬಿಡುಗಡೆ ಎಂದು ಅವಳಿಗೆ ಹೋದ ಜೀವ ಬಂದಂತಾಯಿತು. "ಜವರಯ್ಯಣ್ಣಾ, ಇವನು ನಿಜವಾಗಿ ನವಿಲಪ್ಪನೇ. ನಮ್ಮ ಪೊದೆಯ ಪಕ್ಕದಲ್ಲೇ ಮೊಟ್ಟೆಯೊಡೆದು ಬಂದವನು. ನಾನು ಸಾಕ್ಷಿ!"

"ಚಿಪ್ಪಿಲ್ಲದವರ ಸಾಕ್ಷಿ ನಡೆಯೋದಿಲ್ಲ. ಯಜಮಾನರ ಅಪ್ಪಣೆ."

"ಆ ಅಪ್ಪಣೆ ಕೊಟ್ಟವನು ನಾನೇ!" ಸಾವಿರಗಣ್ಣಪ್ಪ ಕೂಗಿದ. "ಈಗ ನಾನೇ ಹೇಳುತ್ತಿದ್ದೇನೆ, ಬಾಗಿಲು ತೆಗೆ!"

"ಯಜಮಾನರು ಬಂದು ಹೇಳಲಿ, ತೆಗೀತೀನಿ."

ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುವುದು ಇದಕ್ಕೇ. ಯಜಮಾನರನ್ನು ಕೇಳಿಬರಲು ಒಂದು ಟಿಟ್ಟಿಭ ಪೊದೆಗೆ ಹಾರಿತು. ಹೋದಷ್ಟೇ ವೇಗವಾಗಿ ಅರಚುತ್ತ ಬಂತು. "ಕೊಂದರು! ಯಜಮಾನರನ್ನು ಕೊಂದರು! ಗರಿ ಮಾತ್ರ ಬಿದ್ದಿವೆ!"

"ಅವು ನನ್ನವೇ ಗರಿ ಕಣ್ರೋ!"

"ನೋಡಿ, ಗರಿ ಕಿತ್ತವನು ತಾನೇ ಬಾಯಿಬಿಟ್ಟ!" ಎಂದ ಜವರಯ್ಯ. "ಇಬ್ಬರನ್ನೂ ಈಗಲೇ ಗುಡ್ಡದಾಚೆ ಅಟ್ಟಿ!"

ಅಷ್ಟರಲ್ಲಿ ಮೋಡ ಕವಿದು ದಪ್ಪ ಹನಿಗಳು ಬಿದ್ದವು. ನೋಡನೋಡುತ್ತಿದ್ದಂತೆ ಧಾರಾಕಾರ ಮಳೆ. ಸಾವಿರಗಣ್ಣಪ್ಪನ ಮೈಯಿಂದ ಧೂಳು ಇಳಿಯಿತು. ನೀಲಿ ಕತ್ತು ಹೊಳೆಯಿತು. "ಬು... ಬುದ್ಧೀ! ತಪ್ಪಾಯ್ತು!" ಎಂದು ಜವರಯ್ಯ ಬೇಲಿಯ ಮುಳ್ಳನ್ನು ಎಳೆದು ದಾರಿ ಬಿಟ್ಟ.

ನವಿಲನ್ನು ಕಾಪಾಡಿದ ಮಳೆಗೆ ದ್ಯಾವಕ್ಕ ಸಂತೋಷಪಡಲಿಲ್ಲ. ಅವನಿಗಿಂತ ಮೊದಲು ಹೊರಗೆ ನುಗ್ಗಿ, ಒದ್ದೆ ಹುಲ್ಲಿನಲ್ಲಿ ಮುಗ್ಗರಿಸುತ್ತ ಓಡಿದಳು. ಗೂಡಿನಲ್ಲಿ ನೀರು ನಿಂತಿತ್ತು. ನಾಲ್ಕು ಮೊಟ್ಟೆ ತಣ್ಣಗೆ ಕಲ್ಲಾಗಿದ್ದವು. ಎತ್ತರದಲ್ಲಿದ್ದ ಮೂರರಲ್ಲಿ ಮಾತ್ರ ಕಿವಿಗೊಟ್ಟರೆ ಸಣ್ಣ ಮಿಸುಕಾಟ. ಅವನ್ನು ಎದೆಯಡಿಗೆ ಎಳೆದುಕೊಂಡು ಕೂತಳು. ಅವಳಿಗೆ ಅಳುವಷ್ಟೂ ಬಿಡುವಿರಲಿಲ್ಲ.

ಸಾವಿರಗಣ್ಣಪ್ಪ ಮೆಲ್ಲಗೆ ಬಂದು ನಿಂತ. "ಅಕ್ಕಾ, ಕ್ಷಮಿಸು. ಆ ಕಾನೂನು ನಿನಗೆ ಅಂತ ಮಾಡಿದ್ದಲ್ಲ. ಹೊರಗಿನವರಿಗೆ ಅಂತ ಮಾಡಿದ್ದು."

ದ್ಯಾವಕ್ಕ ತಣ್ಣಗಾದ ನಾಲ್ಕು ಮೊಟ್ಟೆಗಳನ್ನು ಕೊಕ್ಕಿನಿಂದ ಒಂದೊಂದಾಗಿ ಅವನ ಮುಂದೆ ಉರುಳಿಸಿದಳು.

"ಇವರಲ್ಲಿ ಹೊರಗಿನವರು ಯಾರು ತಮ್ಮಾ? ತೋರಿಸು."

ಮಳೆ ನಿಂತ ಮೇಲೆ ಸಾವಿರಗಣ್ಣಪ್ಪ ತಾನೇ ಹೋಗಿ ಮುಳ್ಳುಬೇಲಿಯನ್ನು ಕೊಕ್ಕಿನಿಂದ ಕಿತ್ತು ಕೆಡವಿದ. ಹಕ್ಕಿಗಳೆಲ್ಲ ಅದನ್ನು ನೋಡಲು ಸೇರಿದವು. ದ್ಯಾವಕ್ಕ ಬರಲಿಲ್ಲ. ಅವಳು ಮೂರು ಮೊಟ್ಟೆಗಳ ಮೇಲಿಂದ ಏಳುವಂತಿರಲಿಲ್ಲ.

ನೀತಿ: ಮೈಬಣ್ಣ ನೋಡಿ ಪುರಾವೆ ಕೇಳುವ ಕಾನೂನು ಅದನ್ನು ಮಾಡಿದವನನ್ನೂ ಒಂದು ದಿನ ಹಿಡಿಯುತ್ತದೆ; ಆದರೆ ಅಷ್ಟರೊಳಗೆ ಏನೂ ತಪ್ಪು ಮಾಡದವರ ಮನೆ ಹಾಳಾಗಿರುತ್ತದೆ.