ಹನ್ನೊಂದನೆಯ ಹಲಗೆ

ಶಿಷ್ಯ ಕೇಳಿದ: "ಗುರುಗಳೇ, ಹನ್ನೆರಡು ವರ್ಷದಿಂದ ಹೊರಗಿನ ಒಂದು ಆಸೆಯನ್ನೂ ನಾನು ಒಳಗೆ ಬಿಟ್ಟುಕೊಂಡಿಲ್ಲ. ಈ ಮಠದಲ್ಲಿ ನನ್ನಷ್ಟು ಗಟ್ಟಿಯಾಗಿ ನಿಂತವನು ಇನ್ನೊಬ್ಬನಿದ್ದರೆ ತೋರಿಸಿ. ಆದರೂ ಉಸಿರು ಕಟ್ಟುತ್ತದೆ. ಯಾಕೆ?"

ಗುರು ಹೇಳಿದರು:

ಕಡಲ ದಂಡೆಯಲ್ಲಿ ಒಂದು ಸಣ್ಣ ಪೇಟೆ. ಅದರ ನೆಲ ಉಬ್ಬರದ ನೀರಿಗಿಂತ ತಗ್ಗು. ಪೇಟೆಗೂ ಕಡಲಿಗೂ ನಡುವೆ ಮಣ್ಣಿನ ಒಡ್ಡು, ಒಡ್ಡಿಗೆ ಒಂದೇ ಕಂಡಿ. ಆ ಕಂಡಿಗೆ ಮರದ ಹಲಗೆ ಇಳಿಸುವುದು, ಎತ್ತುವುದು ಒಬ್ಬನ ಕೆಲಸ. ಉಬ್ಬರ ಬಂದರೆ ಇಳಿಸಬೇಕು. ಇಳಿತ ಬಂದರೆ ಎತ್ತಿ, ಊರಿನ ಮಳೆನೀರನ್ನು ಹೊರಗೆ ಬಿಡಬೇಕು. ಅವನ ಹೊರತು ಯಾರೂ ಹಲಗೆ ಮುಟ್ಟುವಂತಿಲ್ಲ. ಅದು ಊರಿನ ಕಟ್ಟಳೆ.

"ಕಡಲು ನನ್ನನ್ನು ಕೇಳಿಯೇ ಊರಿಗೆ ಬರಬೇಕು" ಎಂದು ಅವನು ಸಂತೆಯಲ್ಲಿ ಮೀಸೆ ತಿರುವುತ್ತಿದ್ದ. ಸುಳ್ಳೇನಲ್ಲ. ಇಪ್ಪತ್ತು ಮಳೆಗಾಲ ಕಡಲನ್ನು ಹೊರಗೇ ನಿಲ್ಲಿಸಿದ್ದ.

ಒಂದು ಬೆಳಿಗ್ಗೆ ಬಿರುಗಾಳಿ ಎದ್ದಿತು. ಅವನ ಅಪ್ಪ ಇಳಿಸುತ್ತಿದ್ದದ್ದು ಎಂಟು ಹಲಗೆ. ಇವನು ಹನ್ನೊಂದು ಇಳಿಸಿದ. ಸಾಲದೆಂದು ಬೆಣೆ ಹೊಡೆದ, ಸಂದಿಗೆ ಜೇಡಿಮಣ್ಣು ಮೆತ್ತಿದ. ಒಡ್ಡಿನ ಮೇಲೆ ಕಡಲಿಗೆ ಮುಖ ಮಾಡಿ ನಿಂತ. ಅಲೆ ಬಡಿದು ಬಡಿದು ಹಿಂದೆ ಹೋಯಿತು.

ಮಧ್ಯಾಹ್ನ ಹೆಂಡತಿ ಸೊಂಟಮಟ್ಟದ ನೀರಿನಲ್ಲಿ ಬಂದಳು.

"ಏನ್ರೀ, ಗುಡ್ಡದ ಹಳ್ಳ ಒಡೆದಿದೆ. ಒಲೆ ಮುಳುಗಿತು. ಕಡಲು ಇಳೀತಾ ಇದೆ; ನಾವು ಮುಟ್ಟುವಂತಿಲ್ಲ, ನೀವೇ ಹಲಗೆ ಎತ್ತಿ."

ಅವನು ತಿರುಗಲಿಲ್ಲ. "ಕಡಲನ್ನೇ ತಡೆದವನಿಗೆ ಒಲೆ ನೀರಿನ ಮಾತು ಹೇಳ್ತೀಯೇನೇ? ಹೋಗು, ಮಗಳನ್ನು ಅಟ್ಟಕ್ಕೆ ಹತ್ತಿಸು."

"ಅಟ್ಟಕ್ಕೂ ಬಂದರೆ?"

"ನಾನಿಲ್ಲಿ ನಿಂತಿರುವಾಗ ಎಲ್ಲಿಂದ ಬರುತ್ತೆ?"

ಅವಳು ಹೋದಳು.

ಸಂಜೆಗೆ ಅವನ ಹಿಮ್ಮಡಿ ಒದ್ದೆಯಾಯಿತು. ಎದುರಿಗೆ ಕಡಲು ಆಳೆತ್ತರ ಕೆಳಗೆ ಇಳಿದಿತ್ತು. ಹಿಂದೆ ತಿರುಗಿದ. ಊರು ಇದ್ದಲ್ಲಿ ನಾಲ್ಕು ಹೆಂಚಿನ ಮಾಡು ಕಂಡವು. ಕೆಳಗೆ ಧುಮುಕಿ ಹಲಗೆಗೆ ಕೈ ಹಾಕಿದ. ನೀರು ಕುಡಿದ ಬೆಣೆ ಊದಿ ಕಚ್ಚಿತ್ತು. ಉಗುರು ಕಿತ್ತುಬಂದವು, ಬೆಣೆ ಬರಲಿಲ್ಲ. ತನ್ನ ಪೆಟ್ಟು ಎಷ್ಟು ಗಟ್ಟಿಯೆಂದು ಅವನಿಗೆ ತಿಳಿದದ್ದು ಆಗ. ಒಡ್ಡಿನ ಮಣ್ಣನ್ನು ಬರಿಗೈಯಲ್ಲಿ ತೋಡಿದ.

ಮರುದಿನ ನೀರು ಇಳಿಯಿತು. ಮನೆಗೆ ಹೋದ. ಏಣಿ ಅಟ್ಟಕ್ಕೆ ಒರಗಿಕೊಂಡೇ ಇತ್ತು. ಅವನು ಹತ್ತಲಿಲ್ಲ.

ಗುರು ಮಾತು ನಿಲ್ಲಿಸಿದರು. ಶಿಷ್ಯ ತಡೆಯಲಾರದೆ ಕೇಳಿದ: "ಆದರೂ ಗುರುಗಳೇ, ಕಡಲು ಒಳಗೆ ಬರಲಿಲ್ಲವಲ್ಲ?"

"ಒಂದು ಹನಿಯೂ ಬರಲಿಲ್ಲ; ಈಗ ನಿನ್ನ ಹಿಮ್ಮಡಿ ಮುಟ್ಟಿ ನೋಡಿಕೊ."